ಮಾತು ಬಾರದ ಮೋಶೆಗೆ ಸಿನಿಮಾದವರು ಬಾಯಿ ಕೊಟ್ಟಿದ್ದು ಯಾಕೆ?

ಕಾಫಿಹೂವು:

ನಾನು ಚಿಕ್ಕಮಗಳೂರು ಕಡೆಯವಳು. ಆರು ವರ್ಷದಿಂದ ನಮ್ಮ ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಹೋದ ಭಾನುವಾರ ಸಿಕ್ಕಾಪಟ್ಟೆ ಮಳೆ. ಬಂದಿದ್ದೇ ಹನ್ನೆರಡು ಮಕ್ಕಳು. ಹೇಗೂ ಬೈಬಲಿನ ವಿಮೋಚನಕಾಂಡ, ಅಂದರೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದ ತನ್ನ ಜನರನ್ನು ಮೋಶೆ ಬಿಡಿಸಿ ತರುವ ಕಥೆ, ನಡೆಯುತ್ತಿದೆ ಅಂತ ಗೋಡೆಗೆ ಬಿಳಿ ಪಂಚೆ ಕಟ್ಟಿ 'ದಿ ಪ್ರಿನ್ಸ್ ಆಫ್ ಈಜಿಪ್ಟ್' ಹಾಕಿದೆ. 1998ರ ಅನಿಮೇಷನ್ ಚಿತ್ರ. ಮಕ್ಕಳು ಕೈಯಲ್ಲಿದ್ದ ಕಡಲೆಕಾಯಿ ಮರೆತು ನೋಡಿದರು.

ಮುಗಿದ ಮೇಲೆ ಒಬ್ಬ ಹುಡುಗ ಮನೆಗೆ ಹೋಗದೆ ನಿಂತುಕೊಂಡಿದ್ದ. ಹತ್ತು ವರ್ಷ. ಅವನಿಗೆ ಮಾತು ತಡವರಿಸುತ್ತದೆ. 'ಮ' ಬಂದರೆ ತುಟಿ ಅಂಟಿಕೊಂಡೇ ಬಿಡುತ್ತದೆ. ಅದರ ಹಿಂದಿನ ವಾರ ನಾನೇ 4ನೇ ಅಧ್ಯಾಯ ಓದಿಸಿದ್ದೆ. ನನಗೆ ಮಾತು ಬರುವುದಿಲ್ಲ, ನನ್ನ ನಾಲಿಗೆ ಮಂದ ಅಂತ ಮೋಶೆ ದೇವರ ಹತ್ತಿರ ಗೋಳಾಡುವ ಜಾಗ ಅದು. ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಟೀಚರ್, ಸಿನಿಮಾದಲ್ಲಿ ಅವನು ಎಲ್ಲಿ ತಡವರಿಸಿದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಒಂದು ವಾರದಲ್ಲಿ ಇನ್ನೆರಡು ನೋಡಿದೆ. 1956ರ 'ದಿ ಟೆನ್ ಕಮಾಂಡ್‌ಮೆಂಟ್ಸ್', 2014ರ 'ಎಕ್ಸೋಡಸ್: ಗಾಡ್ಸ್ ಅಂಡ್ ಕಿಂಗ್ಸ್'. ಒಂದರಲ್ಲಿ ಚಾರ್ಲ್ಟನ್ ಹೆಸ್ಟನ್ ಗುಡುಗುತ್ತಾನೆ. ಇನ್ನೊಂದರಲ್ಲಿ ಕ್ರಿಶ್ಚಿಯನ್ ಬೇಲ್ ಕತ್ತಿ ಹಿಡಿದು ಸೇನಾಪತಿ ಆಗಿದ್ದಾನೆ. ಮೂರರಲ್ಲೂ ದಾರಿ ಬಿಡುವ ಸಮುದ್ರ ಇದೆ, ಅಟ್ಟಿಸಿಕೊಂಡು ಬರುವ ರಥ ಇದೆ. ಮಂದ ನಾಲಿಗೆಯ ಆ ಮುದುಕ ಮಾತ್ರ ಇಲ್ಲ. ಮುದುಕ ಅಂದೆ ಯಾಕೆ ಅಂದ್ರೆ, ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ ಮೋಶೆಗೆ 80, ಅಣ್ಣ ಆರೋನನಿಗೆ 83 ಅಂತ 7ನೇ ಅಧ್ಯಾಯದಲ್ಲಿ ಲೆಕ್ಕ ಕೊಟ್ಟೇ ಬರೆದಿದೆ.

ಮಾತಾಡುವ ಕೆಲಸ ಆರೋನನದು, ಮೋಶೆ ಅವನಿಗೆ ಹೇಳಿಕೊಡಬೇಕು, ಇದೇ ದೇವರು ಮಾಡಿದ ಏರ್ಪಾಡು. ಇಷ್ಟು ದೊಡ್ಡ ವಿಷಯವನ್ನೇ ಬಿಟ್ಟ ಮೇಲೆ 'ಬೈಬಲ್ ಆಧಾರಿತ' ಅಂತ ಹೇಗೆ ಹೇಳೋದು? ನಿಮಗೆಲ್ಲ ಏನನ್ನಿಸುತ್ತದೆ?

ಸುಮ್ನೆಬಂದೆ:

ಸಿನಿಮಾ ಸಿನಿಮಾನೇ ಅಕ್ಕಾ. ಮೂರು ಗಂಟೆ ತೊದಲುವ ಹೀರೋನ ನೋಡೋಕೆ ಯಾರು ದುಡ್ಡು ಕೊಡ್ತಾರೆ?

ರೀಲುಡಬ್ಬ:

ಮೂರು ಗಂಟೆ ಅಲ್ಲ ಸ್ವಾಮಿ, 1956ರದ್ದು 220 ನಿಮಿಷ. ನಮ್ಮಪ್ಪ ಬೆಂಗಳೂರು ಕಂಟೋನ್ಮೆಂಟ್ ಕಡೆ ಒಂದು ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಆ ಚಿತ್ರ ಮತ್ತೆ ಬಂದಾಗ ರೀಲು ಬದಲಾಯಿಸಿ ಬದಲಾಯಿಸಿ ತೋಳು ನೋವು ಬರುತ್ತಿತ್ತು ಅನ್ನೋರು. ಸಮುದ್ರ ಸೀಳುವ ಹೊತ್ತಿಗೆ ಮಾತ್ರ ಕಿಂಡಿಯಲ್ಲಿ ಕಣ್ಣಿಟ್ಟು ನಿಲ್ಲುತ್ತಿದ್ದರಂತೆ. ಆ ದೃಶ್ಯದ ಗುಟ್ಟು ಗೊತ್ತಾ? ದೊಡ್ಡ ತೊಟ್ಟಿಗೆ ನೀರು ಸುರಿದು ಚಿತ್ರ ತೆಗೆದು, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ಆ ಚಿತ್ರಕ್ಕೆ ಸಿಕ್ಕಿದ ಒಂದೇ ಆಸ್ಕರ್ ಸ್ಪೆಷಲ್ ಎಫೆಕ್ಟ್ಸ್‌ಗೆ. ಅದರ ನಿರ್ದೇಶಕ ಡಿಮಿಲ್ ಅವರೇ 1923ರಲ್ಲಿ ಮೂಕಿ ಚಿತ್ರ ಮಾಡಿದಾಗ ಜೆಲ್ಲಿಯ ಗಟ್ಟಿ ಕತ್ತರಿಸಿ ಸಮುದ್ರದ ಗೋಡೆ ಮಾಡಿದ್ದರು.

ವಿಷಯಕ್ಕೆ ಬರ್ತೀನಿ. ಡಿಮಿಲ್ ಕದ್ದು ಏನೂ ಮಾಡಲಿಲ್ಲ. ಚಿತ್ರ ಶುರುವಾಗುವ ಮೊದಲು ಅವರೇ ಪರದೆ ಸರಿಸಿಕೊಂಡು ಬಂದು ಹೇಳುತ್ತಾರೆ. ಮೋಶೆಯ ಬದುಕಿನ ಸುಮಾರು 30 ವರ್ಷ ಬೈಬಲಿನಲ್ಲಿ ಇಲ್ಲ, ಅದನ್ನು ಫಿಲೋ, ಜೋಸೆಫಸ್ ಥರದ ಹಳೆಯ ಬರಹಗಾರರಿಂದ ತುಂಬಿಸಿದ್ದೇವೆ ಅಂತ. 'ಪ್ರಿನ್ಸ್'ನವರೂ ಮೊದಲ ಫ್ರೇಮಿನಲ್ಲೇ ಕಥೆಯಲ್ಲಿ ಸ್ವಾತಂತ್ರ್ಯ ತೆಗೆದುಕೊಂಡಿದ್ದೇವೆ, ಮೂಲ ಬೇಕಾದರೆ ವಿಮೋಚನಕಾಂಡ ಓದಿ ಅಂತ ಹಾಕಿದ್ದಾರೆ.

ಕಾಫಿಹೂವು:

30 ವರ್ಷ ತುಂಬಿಸಿದ್ದಕ್ಕೆ ನನ್ನ ತಕರಾರಿಲ್ಲ ಸಾರ್. 2ನೇ ಅಧ್ಯಾಯದಲ್ಲಿ 10ನೇ ವಚನಕ್ಕೆ ಮಗು, 11ನೇ ವಚನಕ್ಕೆ ದೊಡ್ಡ ಗಂಡಸು. ನಡುವೆ ಅರಮನೆ ಬಗ್ಗೆ ಒಂದಕ್ಷರ ಇಲ್ಲ. ಖಾಲಿ ಜಾಗ ತುಂಬಲಿ. ಇರುವುದನ್ನು ಯಾಕೆ ತೆಗೆಯಬೇಕು ಅನ್ನೋದು ನನ್ನ ಪ್ರಶ್ನೆ.

ಚೆಂಡೆಮದ್ದಳೆ:

ಟೀಚರೇ, ನಾನು ಕುಂದಾಪುರ ಬದಿಯವ. ಹವ್ಯಾಸಕ್ಕೆ ತಾಳಮದ್ದಳೆಯಲ್ಲಿ ಅರ್ಥ ಹೇಳ್ತೇನೆ. ನಿಮ್ಮ ಪ್ರಶ್ನೆ ನಮಗೆ ದಿನಾ ಬರುವಂಥದ್ದು ಮಾರಾಯ್ರೇ.

ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅದಕ್ಕೆ ನಾವು ಹೇಳುವ ಅರ್ಥ ಅರ್ಧ ಗಂಟೆ. ಆ ಅರ್ಧ ಗಂಟೆಯ ಮಾತು ಪ್ರಸಂಗದ ಪುಸ್ತಕದಲ್ಲಿ ಇರುವುದಿಲ್ಲ. ಯಾರೂ ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ಒಂದು ಗೆರೆ ಇದೆ. 'ಕರ್ಣಭೇದನ'ದಲ್ಲಿ ಕೃಷ್ಣ ಎಷ್ಟು ಬೇಕಾದರೂ ವಾದ ಮಾಡಲಿ, ಕರ್ಣ ಎಷ್ಟು ಬೇಕಾದರೂ ಕರಗಲಿ, ಕೊನೆಗೆ ಕರ್ಣ ಪಾಂಡವರ ಕಡೆ ಹೋಗುವ ಹಾಗಿಲ್ಲ. ಪದ್ಯ ಬಿಡುವುದಿಲ್ಲ. ಹಾಗಾಗಿ ನನ್ನ ಅಳತೆ ಇಷ್ಟೇ: ಇವರು ಹೇಳಿದ್ದು ಅರ್ಥವೋ, ಪದ್ಯವನ್ನೇ ತಿದ್ದಿದ್ದೋ?

ಇನ್ನೊಂದು. ಮೋಶೆಯನ್ನೂ ಮಗುವಾಗಿದ್ದಾಗ ಬುಟ್ಟಿಯಲ್ಲಿಟ್ಟು ನದಿಗೆ ಬಿಟ್ಟರಲ್ಲ; ಪೆಟ್ಟಿಗೆ, ನದಿ, ಮಗು ಅಂದ ಕೂಡಲೇ ನಮಗೆ ಕರ್ಣನ ನೆನಪು. 'ಪ್ರಿನ್ಸ್' ನೋಡುವಾಗ ನನಗೆ ಪೂರ್ತಿ ಕರ್ಣನ ಕಥೆಯೇ ಕಂಡಿತು. ಅಣ್ಣತಮ್ಮಂದಿರ ಹಾಗೆ ಬೆಳೆದ ಇಬ್ಬರು, ಹುಟ್ಟಿನ ಗುಟ್ಟು, ಆಮೇಲೆ ಎದುರಾಎದುರು. ನಿಮ್ಮ ಬೈಬಲಿನಲ್ಲೂ ಹೀಗೆಯೇ ಉಂಟಾ?

ಕಾಫಿಹೂವು:

ಇಲ್ಲ, ಅದೇ ಮಜಾ! ಬೈಬಲಿನಲ್ಲಿ ಹೊಸ ಫರೋಹನೂ ಮೋಶೆಯೂ ಜೊತೆಗೆ ಬೆಳೆದರು ಅಂತ ಎಲ್ಲೂ ಇಲ್ಲ. ಹುಟ್ಟಿನ ಗುಟ್ಟೂ ಇಲ್ಲ. ಕರ್ಣನಿಗೆ ಸಿಗದ್ದು ಮೋಶೆಗೆ ಸಿಕ್ಕಿತು. ಮಗುವಿನ ಅಕ್ಕ ಜೊಂಡಿನ ಹತ್ತಿರ ಕಾದಿದ್ದು, ಹಾಲು ಕೊಡೋಕೆ ಯಾರನ್ನಾದರೂ ಕರೆಯಲಾ ಅಂತ ಮಗುವನ್ನು ಎತ್ತಿಕೊಂಡ ರಾಜಕುಮಾರಿಯನ್ನು ಕೇಳಿ, ಸ್ವಂತ ಅಮ್ಮನನ್ನೇ ಕರೆತರುತ್ತಾಳೆ. ಅಮ್ಮನಿಗೆ ತನ್ನ ಮಗುವಿಗೆ ಹಾಲು ಕೊಡಲು ಸಂಬಳ! ಫರೋಹನ ಖಜಾನೆಯಿಂದ! ಇಂಥ ದೃಶ್ಯವನ್ನು ಸಿನಿಮಾದವರು ಹೇಗೆ ಬಿಟ್ಟರೋ. ಮೊಲೆ ಬಿಡುವ ತನಕ ಅಮ್ಮನ ಹತ್ತಿರ ಇದ್ದವನಿಗೆ ತಾನು ಯಾರು ಅಂತ ಗೊತ್ತಿಲ್ಲದೇ ಇರುತ್ತಾ? ಅವನು ತನ್ನ ಜನರ ಕಷ್ಟ ನೋಡಲು ಹೊರಟ ಅಂತಲೇ ಇದೆ. ಗುಟ್ಟು ಬಯಲಾಗುವ ಅಳು, ಓಡಾಟ ಎಲ್ಲ ಸಿನಿಮಾದ್ದು.

ಕರಾವಳಿಗಾಳಿ:

ಭಟ್ಕಳದಿಂದ ಒಂದು ಮಾತು. ಸಂಡೇ ಸ್ಕೂಲ್ ಟೀಚರ್ ಹೇಳಿದ್ದು ನೋಡಿ ನನಗೆ ಆಶ್ಚರ್ಯ ಆಯಿತು. 'ಪ್ರಿನ್ಸ್'ನಲ್ಲಿ ಮಗುವನ್ನು ಎತ್ತಿಕೊಳ್ಳುವುದು ರಾಜಕುಮಾರಿ ಅಲ್ಲ, ರಾಣಿ. ನಿಮಗೆ ಅದು ತಪ್ಪು. ನಮಗೆ ಅದೇ ಸರಿ! ಕುರಾನಿನ 28ನೇ ಸೂರಾದಲ್ಲಿ ಮಗುವನ್ನು ಉಳಿಸಿಕೊಳ್ಳುವವಳು ಫರೋಹನ ಹೆಂಡತಿ. ಅವಳ ಹೆಸರು ಆಸಿಯಾ ಅಂತ ನಾವು ಹೇಳುತ್ತೇವೆ.

ನಾಲಿಗೆಯ ವಿಷಯವೂ ನಮ್ಮಲ್ಲಿ ದೊಡ್ಡದೇ. 20ನೇ ಸೂರಾದಲ್ಲಿ ಮೂಸಾ ನಬಿ, ಅಂದರೆ ನಿಮ್ಮ ಮೋಶೆ, ನನ್ನ ನಾಲಿಗೆಯ ಗಂಟು ಬಿಚ್ಚು, ನನ್ನ ಮಾತು ಜನರಿಗೆ ತಿಳಿಯಲಿ ಅಂತ ಬೇಡುತ್ತಾರೆ, ಅಣ್ಣ ಹಾರೂನರನ್ನು ಜೊತೆಗೆ ಕೊಡು ಅನ್ನುತ್ತಾರೆ. ನಾನು ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ಹೋಗುವಾಗ ಅಜ್ಜಿ ಈ ದುವಾವನ್ನೇ ಹೇಳಿ ಕಳಿಸುತ್ತಿದ್ದರು. ಈಗಲೂ ಕ್ಲಾಸಿಗೆ ಹೋಗುವ ಮೊದಲು ಬಾಯಿಗೆ ಬರುತ್ತದೆ.

ಹಾಗಂತ ನಾನು ಈ ಸಿನಿಮಾಗಳ ವಕೀಲ ಅಲ್ಲ. ಪ್ರವಾದಿಗಳನ್ನು ಪರದೆಯ ಮೇಲೆ ತೋರಿಸುವುದೇ ನಮ್ಮಲ್ಲಿ ಹೆಚ್ಚಿನವರಿಗೆ ಒಪ್ಪಿಗೆ ಇಲ್ಲ. 'ಪ್ರಿನ್ಸ್' ಮಲೇಷ್ಯಾ, ಮಾಲ್ಡೀವ್ಸ್‌ಗಳಲ್ಲಿ ಬಿಡುಗಡೆ ಆಗಲಿಲ್ಲ. ನಾನು ನೋಡಿದ್ದು ಕಾಲೇಜಿನಲ್ಲಿ, ಹಾಸ್ಟೆಲ್ ಗೆಳೆಯನ ಕಂಪ್ಯೂಟರಿನಲ್ಲಿ. ಮನೆಯಲ್ಲಿ ಹೇಳಿಲ್ಲ.

ಪುಟತಿರುವಿ:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಸ್ವಲ್ಪ ನೀರು ಹಾಕಲಾ? ನಾನು ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿ ಎರಡು ವರ್ಷ ಹೀಬ್ರೂ ಅಕ್ಷರಗಳ ಜೊತೆ ಗುದ್ದಾಡಿದವನು. ಪೂರ್ತಿ ಬರುವುದಿಲ್ಲ, ತಕರಾರು ಮಾಡುವಷ್ಟು ಬರುತ್ತದೆ.

ಒಂದು, ಮೂಲದಲ್ಲಿ ಇರುವುದು 'ಭಾರವಾದ ಬಾಯಿ, ಭಾರವಾದ ನಾಲಿಗೆ' ಅಂತ. ತೊದಲು ಅಂತಲೇ ಅರ್ಥ ಮಾಡಬೇಕಾಗಿಲ್ಲ. ಯೆಹೆಜ್ಕೇಲನ ಪುಸ್ತಕದ 3ನೇ ಅಧ್ಯಾಯದಲ್ಲಿ ಇದೇ 'ಭಾರವಾದ ನಾಲಿಗೆ' ಅನ್ನುವ ಮಾತು ಬರುತ್ತದೆ. ಅಲ್ಲಿ ಅದು ಪರಭಾಷೆಯ ಜನರ ಬಗ್ಗೆ. ಅಂದರೆ ಇಷ್ಟು ವರ್ಷ ಮಿದ್ಯಾನ್ ಅನ್ನುವ ಪರದೇಶದಲ್ಲಿ ಕುರಿ ಕಾಯ್ದು ಅರಮನೆಯ ಭಾಷೆ ಮರೆತಿದೆ ಅಂತಲೂ ಓದಬಹುದು. ದುಬೈಯಲ್ಲಿ ಮೂವತ್ತು ವರ್ಷ ಇದ್ದು ಬಂದವರು ಊರ ಪಂಚಾಯಿತಿಯಲ್ಲಿ ಎದ್ದು ನಿಂತು ಒದ್ದಾಡುವುದಿಲ್ವಾ, ಹಾಗೆ.

ಎರಡು, ಮೋಶೆ ಎಲ್ಲ ಕಡೆ ಮೌನಿ ಅಲ್ಲ. ಶುರುವಿನಲ್ಲಿ ಆರೋನ ಮಾತಾಡುತ್ತಾನೆ, ಕೋಲು ಎಸೆಯುತ್ತಾನೆ. ದೇವರು ಈಜಿಪ್ಟಿನ ಮೇಲೆ ತಂದ ಬಾಧೆಗಳಲ್ಲಿ ರಕ್ತ, ಕಪ್ಪೆ, ಹೇನು, ಈ ಮೊದಲ ಮೂರರಲ್ಲಿ ಕೋಲು ಆಡುವುದು ಅವನ ಕೈಯಲ್ಲೇ. ಆಮೇಲೆ ನಿಧಾನಕ್ಕೆ ಅವನು ಪಕ್ಕಕ್ಕೆ ಸರಿಯುತ್ತಾನೆ. ಚೊಚ್ಚಲ ಮಕ್ಕಳು ಸಾಯುತ್ತಾರೆ ಅಂತ 11ನೇ ಅಧ್ಯಾಯದಲ್ಲಿ ಎಚ್ಚರಿಸುವ ಹೊತ್ತಿಗೆ ಮೋಶೆ ತಾನೇ ಮಾತಾಡಿ, ಸಿಟ್ಟಿನಿಂದ ಹೊರಗೆ ನಡೆಯುತ್ತಾನೆ.

ಮೂರು, ಇದು ಸ್ವಲ್ಪ ಗಟ್ಟಿ ಪೆಟ್ಟು. ಬೈಬಲಿನದೇ ಅಪೊಸ್ತಲರ ಕೃತ್ಯಗಳು 7ನೇ ಅಧ್ಯಾಯದಲ್ಲಿ ಮೊದಲ ಕಾಲದ ಕ್ರೈಸ್ತ ಸ್ತೆಫನನು ಮೋಶೆಯನ್ನು ಮಾತಿನಲ್ಲೂ ಕೆಲಸದಲ್ಲೂ ಸಮರ್ಥ ಅನ್ನುತ್ತಾನೆ. ಧರ್ಮೋಪದೇಶಕಾಂಡ ಅನ್ನುವ ಇಡೀ ಪುಸ್ತಕ ಹೆಚ್ಚುಕಡಿಮೆ ಮೋಶೆಯ ಭಾಷಣವೇ. ಹೀಬ್ರೂವಿನಲ್ಲಿ ಅದರ ಹೆಸರೇ 'ದೆವಾರೀಮ್', ಮಾತುಗಳು. ನಾನು ಮಾತುಗಾರನಲ್ಲ ಅಂದವನ ಹೆಸರಲ್ಲಿ 34 ಅಧ್ಯಾಯದ ಮಾತು. ಹಾಗಾದರೆ ಹೆಸ್ಟನ್ ಗುಡುಗಿದ್ದು ಪೂರ್ತಿ ತಪ್ಪು ಅಂತ ಹೇಗೆ ಹೇಳೋಣ?

ಕಾಫಿಹೂವು:

ಸ್ತೆಫನನ ಮಾತು ನನಗೆ ಹೊಳೆದೇ ಇರಲಿಲ್ಲ. ಹತ್ತು ಸಲ ಓದಿದ್ದೇನೆ. ಒಪ್ಪಿಕೊಂಡೆ.

ಆದರೂ ಒಂದು. ಮೊದಲು ಬಾರದೆ ಇದ್ದದ್ದು ಆಮೇಲೆ ಬಂತು ಅಂದರೆ ಅದೇ ಕಥೆ ಅಲ್ವಾ? ಸಿನಿಮಾದಲ್ಲಿ ಮೊದಲೇ ಬರುತ್ತೆ. ಆಮೇಲೆ ಬರೋಕೆ ಏನು ಉಳಿಯಿತು?

ರೀಲುಡಬ್ಬ:

ಈ ಮಾತು ಇಷ್ಟವಾಯಿತು. 'ಪ್ರಿನ್ಸ್'ನಲ್ಲಿ ದೇವರು ಉರಿಯುವ ಪೊದೆಯೊಳಗಿಂದ ಮೋಶೆಯ ಜೊತೆ ಮಾತಾಡುವ ದೃಶ್ಯ ಮತ್ತೆ ಹಾಕಿಕೊಂಡು ನೋಡಿದೆ. ಅಲ್ಲೊಂದು ವಿಚಿತ್ರ ಇದೆ. ಬೈಬಲಿನಲ್ಲಿ ಮೋಶೆ ನನ್ನ ನಾಲಿಗೆ ಮಂದ ಅಂದದ್ದಕ್ಕೆ ದೇವರು, ಮನುಷ್ಯನಿಗೆ ಬಾಯಿ ಕೊಟ್ಟವನು ಯಾರು, ಕಿವುಡನನ್ನು, ಮೂಕನನ್ನು ಮಾಡಿದವನು ಯಾರು ಅಂತ ಕೇಳುತ್ತಾನೆ. ಸಿನಿಮಾದಲ್ಲಿ ದೇವರ ಈ ಉತ್ತರ ಹಾಗೇ ಇದೆ. ಆದರೆ ಮೋಶೆಯ ದೂರು ಬದಲಾಗಿದೆ. ನಾನು ಅವರ ಮಕ್ಕಳನ್ನು ಕೊಂದವನ ಮಗ, ಅವರ ಜೊತೆ ಹೇಗೆ ಮಾತಾಡಲಿ ಅನ್ನುತ್ತಾನೆ. ಕೇಳಿದ್ದು ಅಪರಾಧದ ಪ್ರಶ್ನೆ, ಬಂದದ್ದು ಬಾಯಿಯ ಉತ್ತರ. ಹೊಲಿಗೆ ಬಿಚ್ಚಿದ ಜಾಗ ಕಾಣುತ್ತೆ.

ಇನ್ನೂ ಒಂದು ತಮಾಷೆ. ಆ ಪೊದೆಯೊಳಗಿನ ದನಿಯೂ ಮೋಶೆಯ ದನಿಯೂ ಒಬ್ಬರದೇ, ವ್ಯಾಲ್ ಕಿಲ್ಮರ್ ಅವರದು. 1956ರಲ್ಲೂ ಪೊದೆಯ ದನಿ ಹೆಸ್ಟನ್ ಅವರದ್ದೇ, ನಿಧಾನ ಮಾಡಿ ಹಾಕಿದ್ದು. ಮಾತು ಬಾರದವನಿಗೆ ಒಂದು ಬಾಯಿ ಸಾಲದು ಅಂತ ಎರಡು ಕೊಟ್ಟಿದ್ದಾರೆ. ಹೆಸ್ಟನ್ ಮಗ ಫ್ರೇಸರ್ ಆಗ ಹಸುಗೂಸು, ಬುಟ್ಟಿಯಲ್ಲಿ ತೇಲುವ ಮಗು ಅವನೇ. ಇಡೀ ಸಂಸಾರ ಕೆಲಸಕ್ಕೆ ಇಳಿದಿತ್ತು.

ಚೆಂಡೆಮದ್ದಳೆ:

ಹಾಗಾದರೆ ನನ್ನ ಲೆಕ್ಕದಲ್ಲಿ ಇದು ಪದ್ಯ ತಿದ್ದಿದ್ದು. ಅರ್ಥ ಅಲ್ಲ.

ಕಲ್ಲುಶಾಸನ:

ನಾಲಿಗೆ ಬಿಡಿ, ಇತಿಹಾಸಕ್ಕೆ ಬನ್ನಿ. ಬೈಬಲಿನಲ್ಲಿ ಫರೋಹನ ಹೆಸರೇ ಇಲ್ಲ. ಎರಡನೇ ರಾಮ್ಸೆಸ್ ಅಂತ ಹಿಡಿದುಕೊಂಡವರು ಸಿನಿಮಾದವರು. ಗುಲಾಮರು ಕಟ್ಟಿದ ಉಗ್ರಾಣದ ಪಟ್ಟಣಗಳಲ್ಲಿ ಒಂದರ ಹೆಸರು ರಾಮ್ಸೇಸ್ ಅಂತ 1ನೇ ಅಧ್ಯಾಯದಲ್ಲಿ ಇದೆ, ಆ ಎಳೆ ಹಿಡಿದು ಹಲವು ವಿದ್ವಾಂಸರೂ ಅವನ ಕಾಲಕ್ಕೆ ಬರುತ್ತಾರೆ. ಅವನ ಆಳ್ವಿಕೆ ಕ್ರಿ.ಪೂ. 1279ರಿಂದ 1213. ಅವನ ಮಗ ಮೆರ್ನೆಪ್ಟಾನ ಕಲ್ಲಿನಲ್ಲಿ 'ಇಸ್ರೇಲ್' ಅನ್ನುವ ಹೆಸರು ಮೊದಲ ಸಲ ಸಿಗುತ್ತದೆ. 1896ರಲ್ಲಿ ಸಿಕ್ಕಿದ್ದು. ಅದು ಈಗಿನ ಇಸ್ರೇಲ್, ಪ್ಯಾಲೆಸ್ಟೈನ್ ಇರುವ ಕಾನಾನ್ ಕಡೆಯ ಜನರ ಹೆಸರಾಗಿ ಬರುತ್ತದೆ. ವಿಮೋಚನೆಯ ಬಗ್ಗೆ ಈಜಿಪ್ಟಿನ ಯಾವ ಶಾಸನವೂ ಏನೂ ಹೇಳುವುದಿಲ್ಲ.

ಮತ್ತೆ ದಯವಿಟ್ಟು ಈ ಗುಲಾಮರೇ ಪಿರಮಿಡ್ ಕಟ್ಟಿದರು ಅನ್ನುವ ಕಥೆ ನಿಲ್ಲಿಸಿ. ಗೀಜಾದ ಪಿರಮಿಡ್‌ಗಳು ರಾಮ್ಸೆಸ್‌ಗಿಂತ ಸಾವಿರ ವರ್ಷಕ್ಕೂ ಹಳೆಯವು. ಬೈಬಲಿನಲ್ಲಿ ಇರುವುದು ಜೇಡಿಮಣ್ಣು, ಹುಲ್ಲು, ಇಟ್ಟಿಗೆ. 2014ರ ಚಿತ್ರವನ್ನು ಈಜಿಪ್ಟ್ ನಿಷೇಧಿಸಿದಾಗ ಕೊಟ್ಟ ಕಾರಣಗಳಲ್ಲಿ ಈ ಪಿರಮಿಡ್ ವಿಷಯವೂ ಇತ್ತು, ಸಮುದ್ರ ಸೀಳಿದ್ದಕ್ಕೆ ಭೂಕಂಪ ಕಾರಣ ಅನ್ನುವ ವಿವರಣೆಯೂ ಇತ್ತು.

ಸುಮ್ನೆಬಂದೆ:

2014ರದ್ದು ನಾನೂ ನೋಡಿದ್ದೀನಿ. ಅದರಲ್ಲಿ ನೈಲ್ ರಕ್ತ ಆಗೋದು ಮೊಸಳೆಗಳು ಕಚ್ಚಾಡಿ. ದೇವರ ಕಡೆಯಿಂದ ಬರೋನು ಒಬ್ಬ ಸಣ್ಣ ಹುಡುಗ, ಅದೂ ಮೋಶೆ ತಲೆಗೆ ಕಲ್ಲು ಬಿದ್ದ ಮೇಲೆ. ನಿಜವಾಗಿ ಕಂಡನೋ, ತಲೆಗೆ ಬಿದ್ದ ಪೆಟ್ಟಿನಿಂದ ಕಂಡನೋ ಗೊತ್ತಾಗಲ್ಲ. ನಂಬೋರಿಗೂ ಬೇಡ, ನಂಬದೋರಿಗೂ ಬೇಡ ಅನ್ನೋ ಹಾಗೆ ಆಯ್ತು.

ಪುಟತಿರುವಿ:

ಮೊದಲ ಸಲ ನಿಮ್ಮ ಮಾತು ಪೂರ್ತಿ ಒಪ್ಪಿದೆ :) ಆದರೆ ಒಂದು ವಿಷಯದಲ್ಲಿ ಆ ಚಿತ್ರವೇ ಬೈಬಲಿಗೆ ಹತ್ತಿರ. 14ನೇ ಅಧ್ಯಾಯದಲ್ಲಿ ಸಮುದ್ರ ಚಿಟಿಕೆ ಹೊಡೆದ ಹಾಗೆ ಸೀಳುವುದಿಲ್ಲ. ರಾತ್ರಿಯೆಲ್ಲ ಬಲವಾದ ಮೂಡಣ ಗಾಳಿ ಬೀಸಿ ನೀರು ಸರಿಯುತ್ತದೆ. ರಾತ್ರಿಯೆಲ್ಲ! ಡಿಮಿಲ್ ಅದನ್ನು ಕೆಲವು ನಿಮಿಷಕ್ಕೆ ಇಳಿಸಿದರು. 2014ರದ್ದರಲ್ಲಿ ಮೋಶೆ ನಿದ್ದೆ ಮಾಡಿ ಎದ್ದಾಗ ನೀರು ಇಳಿಯುತ್ತಿರುತ್ತದೆ. ನಂಬಿಕೆ ಕಡಿಮೆ ಇರುವ ಚಿತ್ರ ಈ ಒಂದು ಕಡೆ ವಚನಕ್ಕೆ ಜಾಸ್ತಿ ಅಂಟಿಕೊಂಡಿದೆ.

ಇದರ ಉಲ್ಟಾ ಉದಾಹರಣೆಯೂ ಉಂಟು. 'ಪ್ರಿನ್ಸ್'ನಲ್ಲಿ ಮೋಶೆ ತಪ್ಪಿಸಿಕೊಂಡ ಕುರಿಮರಿಯ ಹಿಂದೆ ಹೋಗಿ ಪೊದೆ ಕಾಣುತ್ತಾನೆ. ಮಕ್ಕಳಿಗೋಸ್ಕರ ಸೇರಿಸಿದ್ದು ಅಂದುಕೊಂಡಿದ್ದೆ. ಅಲ್ಲ. ಯೆಹೂದಿ ಗುರುಗಳು ಬೈಬಲಿಗೆ ಹೇಳಿದ ಹಳೆಯ ವಿವರಣೆಗಳಾದ ಮಿದ್ರಾಷಿನಲ್ಲಿ ಮರಿ ಹುಡುಕಿ ಹೋದ ಈ ಕಥೆ ನೂರಾರು ವರ್ಷದಿಂದ ಇದೆ. ಡಿಮಿಲ್ ಚಿತ್ರದಲ್ಲಿ ಮೋಶೆ ಇಥಿಯೋಪಿಯ ಗೆದ್ದು ಥಾರ್ಬಿಸ್ ಎಂಬ ರಾಜಕುಮಾರಿಯನ್ನು ಕರೆತರುವುದೂ ಹಾಗೇ, ಜೋಸೆಫಸ್ ಬರೆದದ್ದು. ನಾವು ಬೈಬಲಿನಲ್ಲಿ ಇಲ್ಲ ಅಂತ ಬೈಯುವ ಎಷ್ಟೋ ಸಂಗತಿ ಬೇರೆ ಅಜ್ಜಿಯ ಮನೆಯಿಂದ ಬಂದಿರುತ್ತದೆ.

ತೊದಲಿಗೂ ಒಂದು ಮಿದ್ರಾಷ್ ಕಥೆ ಇದೆ. ಮಗು ಮೋಶೆ ಫರೋಹನ ಕಿರೀಟಕ್ಕೆ ಕೈ ಹಾಕುತ್ತಾನೆ. ಇವನು ಮುಂದೆ ಸಿಂಹಾಸನ ಕಿತ್ತುಕೊಳ್ಳುತ್ತಾನೆ ಅಂತ ಮಂತ್ರವಾದಿಗಳಿಗೆ ಹೆದರಿಕೆ. ಪರೀಕ್ಷೆಗೆ ಒಂದು ಕಡೆ ಚಿನ್ನ, ಒಂದು ಕಡೆ ಕೆಂಡ ಇಡುತ್ತಾರೆ. ಮಗು ಚಿನ್ನಕ್ಕೆ ಹೋಗುವಾಗ ದೇವದೂತ ಕೈ ತಳ್ಳುತ್ತಾನೆ. ಕೆಂಡ ಹಿಡಿದ ಕೈ ಬಾಯಿಗೆ ಹೋಗಿ ನಾಲಿಗೆ ಸುಡುತ್ತದೆ. ತೊದಲು ಅವನ ಜೀವ ಉಳಿಸಿದ ಗುರುತು.

ಕರಾವಳಿಗಾಳಿ:

ಇದು ನಮ್ಮ ಕಡೆಯ ಹಳೆಯ ವಿವರಣೆಗಳಲ್ಲೂ ಬರುತ್ತದೆ. ನಾನು ಅಜ್ಜಿಯ ಬಾಯಲ್ಲಿ ಕೇಳಿದ್ದು. ಯಾರ ಮನೆಯದ್ದು ಅಂತ ಇವತ್ತು ಗೊತ್ತಾಯಿತು.

ಕರುವಿನ ವಿಷಯದಲ್ಲೂ ಹೀಗೇ ಆಗಿದೆ. ಮೋಶೆ ಬೆಟ್ಟಕ್ಕೆ ಹೋಗಿದ್ದಾಗ ಜನ ಪೂಜಿಸಿದ ಚಿನ್ನದ ಕರುವನ್ನು ಬೈಬಲಿನಲ್ಲಿ ಮಾಡಿದ್ದು ಆರೋನನೇ ಅಲ್ವಾ? ಕುರಾನಿನಲ್ಲಿ ಸಾಮಿರಿ ಅನ್ನುವವನು. ಹಾರೂನ್ ತಡೆಯಲು ನೋಡುತ್ತಾರೆ, ಜನ ಕೇಳುವುದಿಲ್ಲ. 1956ರ ಚಿತ್ರದಲ್ಲಿ ಜನರನ್ನು ಕೆಣಕುವುದು ದಾತಾನ್ ಅನ್ನುವವನು. ಅಣ್ಣನನ್ನು ಸ್ವಲ್ಪ ಕಾಪಾಡಿದ್ದಾರೆ.

ಕಾಫಿಹೂವು:

ಹೌದು, ದಾತಾನನನ್ನು ಬೈಬಲಿನ ಅರಣ್ಯಕಾಂಡ (ರಾಮಾಯಣದ್ದಲ್ಲ) 16ನೇ ಅಧ್ಯಾಯದಿಂದ ಎತ್ತಿಕೊಂಡು ಬಂದಿದ್ದಾರೆ. ಭೂಮಿ ಬಾಯಿ ತೆರೆದು ನುಂಗುವುದು ಅಲ್ಲಿ, ಬೇರೆ ದಂಗೆಯಲ್ಲಿ. ಕರುವಿನ ದಿನ ಬೈಬಲಿನಲ್ಲಿ ನಡೆದದ್ದು ಇನ್ನೂ ಕಷ್ಟದ್ದು. ಮೋಶೆಯ ಕುಲದವರಾದ ಲೇವಿಯರು ಕತ್ತಿ ಹಿಡಿದು ಪಾಳೆಯದಲ್ಲಿ ಸುಮಾರು 3,000 ಜನರನ್ನು ಕೊಂದರು, ಮೋಶೆಯ ಅಪ್ಪಣೆಯಿಂದ. ಅದನ್ನು ತೋರಿಸುವ ಧೈರ್ಯ ಯಾರಿಗಿದೆ? ನಿಜ ಹೇಳಬೇಕೆಂದರೆ ನಾನೂ ಮಕ್ಕಳಿಗೆ ಹೇಳಿಲ್ಲ. 'ಮೋಶೆಗೆ ತುಂಬ ಸಿಟ್ಟು ಬಂತು' ಅಂತ ಹೇಳಿ ಮುಂದಿನ ಪಾಠಕ್ಕೆ ಹಾರಿದೆ.

ಚೆಂಡೆಮದ್ದಳೆ:

ಹ್ಹಹ್ಹ. ಟೀಚರೇ, ಪದ್ಯ ಹಾರಿಸಿದವರ ಪಟ್ಟಿಯಲ್ಲಿ ನಿಮ್ಮದೂ ಒಂದು ಹೆಸರು.

ಕಾಫಿಹೂವು:

ಬರೆದುಕೊಳ್ಳಿ. ದಾರಿಯ ಛತ್ರದಲ್ಲಿ ದೇವರು ಮೋಶೆಯನ್ನೇ ಕೊಲ್ಲಲು ಬಂದ, ಹೆಂಡತಿ ಚಿಪ್ಪೋರಳು ಚೂಪುಗಲ್ಲಿನಿಂದ ಮಗನಿಗೆ ಸುನ್ನತಿ ಮಾಡಿ ಉಳಿಸಿಕೊಂಡಳು ಅನ್ನುವ ಮೂರು ವಚನಗಳೂ ಆ ಪಟ್ಟಿಯಲ್ಲೇ ಇರಲಿ. ಮೂರೂ ಸಿನಿಮಾದವರು ಹಾರಿಸಿದ್ದಾರೆ, ನಾನೂ ಹಾರಿಸಿದ್ದೇನೆ.

ನಿಧಾನವಾಗಿ:

ಎರಡು ದಿನದಿಂದ ಓದುತ್ತಿದ್ದೆ. ಬರೆಯಲೋ ಬೇಡವೋ ಅಂತ ಇದ್ದೆ. ನಾನೂ ತಡವರಿಸುವವನು. ಈಗ ನಲವತ್ತೆರಡು ವರ್ಷ. ಹುಡುಗನಾಗಿದ್ದಾಗ ಅಪ್ಪ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅಕ್ಷರ ಎಳೆದು ಎಳೆದು ಮಾತಾಡುವುದನ್ನು ಕಲಿಸಿದರು. ಒಳ್ಳೆಯದಾಯಿತು. ಪೂರ್ತಿ ಹೋಗಲಿಲ್ಲ.

ನಮ್ಮೂರು ಮಂಡ್ಯ ಹತ್ತಿರ. ಮೈಸೂರಿನಿಂದ ಒಬ್ಬನೇ ಬಸ್ ಹತ್ತಿದರೆ ಕಂಡಕ್ಟರ್ ಎದುರು 'ಮಂಡ್ಯ' ಬರುತ್ತಿರಲಿಲ್ಲ. ಹಿಂದೆ ಜನ, ಅವರ ಕೈಯಲ್ಲಿ ಟಿಕೆಟ್ ಮಿಷಿನ್, ನನ್ನ ತುಟಿ ಮುಚ್ಚಿಕೊಂಡೇ ಇದೆ. ಮುಂದಿನ ಮದ್ದೂರಿಗೂ ಅದೇ 'ಮ'. ಅದಕ್ಕೆ ಚನ್ನಪಟ್ಟಣದ ಟಿಕೆಟ್ ತೆಗೆದುಕೊಂಡು ಮಂಡ್ಯದಲ್ಲಿ ಇಳಿದುಬಿಡುತ್ತಿದ್ದೆ. ಡಿಗ್ರಿ ಮುಗಿಯುವ ತನಕ ಹೀಗೆ ಎಷ್ಟು ದುಡ್ಡು ಹೋಯಿತೋ.

ಹಾಗಾಗಿ ಟೀಚರ್, ನಿಮ್ಮ ಹುಡುಗನ ಪ್ರಶ್ನೆ ನನಗೆ ಅರ್ಥ ಆಗುತ್ತೆ. ಪುಟತಿರುವಿಯವರು ಹೇಳಿದ್ದೂ ಸರಿ ಇರಬಹುದು, ಅದು ಭಾಷೆ ಮರೆತದ್ದೇ ಇರಬಹುದು. ನಾನು ಕ್ರಿಶ್ಚಿಯನ್ ಅಲ್ಲ. ಈ ಚರ್ಚೆ ನೋಡಿದ ಮೇಲೆ ಕನ್ನಡ ಬೈಬಲ್ ಆ್ಯಪ್ ಹಾಕಿಕೊಂಡು ಮೋಶೆಯ ಭಾಗ ಓದಿದೆ. ಒಂದು ಜಾಗದಲ್ಲಿ ನಿಂತುಬಿಟ್ಟೆ. ಅರಣ್ಯಕಾಂಡ 20ನೇ ಅಧ್ಯಾಯ. ಜನಕ್ಕೆ ನೀರಿಲ್ಲ. ದೇವರು ಹೇಳುತ್ತಾನೆ, ಕೋಲು ತೆಗೆದುಕೋ, ಜನರೆದುರಿಗೆ ಆ ಬಂಡೆಯೊಂದಿಗೆ ಮಾತಾಡು, ನೀರು ಬರುತ್ತದೆ. ಮೋಶೆ ಬಂಡೆಗೆ ಮಾತಾಡುವುದಿಲ್ಲ. ಜನರನ್ನು ಬೈದು ಕೋಲಿನಿಂದ ಎರಡು ಸಲ ಹೊಡೆಯುತ್ತಾನೆ. ನೀರೇನೋ ಬಂತು. ಆದರೆ ಅದಕ್ಕೇ ಅವನಿಗೂ ಆರೋನನಿಗೂ ದೇವರು ಕೊಡುತ್ತೇನೆ ಅಂದಿದ್ದ ದೇಶದೊಳಗೆ ಕಾಲಿಡಲು ಬಿಡಲಿಲ್ಲ.

ಜನರೆದುರಿಗೆ ಮಾತಾಡು ಅಂದರು. ಅವನು ಹೊಡೆದ. ನಾನೂ ಎಷ್ಟೋ ಸಲ ಮಾತು ಬಾರದೆ ಮೇಜು ಗುದ್ದಿದ್ದೇನೆ. ಇದು ನನ್ನ ಓದು, ಪಂಡಿತರು ಒಪ್ಪದೇ ಇರಬಹುದು.

ಪುಟತಿರುವಿ:

ಸಾರ್, ನಾನು ಈ ಅಧ್ಯಾಯದ ಮೇಲೆ ಪ್ರಬಂಧ ಬರೆದಿದ್ದೆ. ಅವಿಧೇಯತೆ, ಸಿಟ್ಟು, ದೇವರ ಮಹಿಮೆ ಅಂತ ಏನೇನೋ ಬರೆದೆ. ಮೊದಲ ಸಲ, ವಿಮೋಚನಕಾಂಡ 17ರಲ್ಲಿ, ಬಂಡೆಗೆ ಹೊಡಿ ಅಂತಲೇ ಅಪ್ಪಣೆ ಆಗಿತ್ತು, ಎರಡನೇ ಸಲ ಮಾತಾಡು ಅಂತ ಆಯಿತು ಅಂತಲೂ ಬರೆದಿದ್ದೆ. ಆ 'ಮಾತಾಡು' ಅನ್ನುವುದನ್ನು 4ನೇ ಅಧ್ಯಾಯದ ನಾಲಿಗೆಗೆ ಕಟ್ಟಲು ನನಗೆ ಹೊಳೆಯಲಿಲ್ಲ.

ರೀಲುಡಬ್ಬ:

ಬಂಡೆಯ ಮುಂದಿನ ಆ ದೃಶ್ಯ ಮೂರೂ ಚಿತ್ರಗಳಲ್ಲಿ ಇಲ್ಲ. 'ಪ್ರಿನ್ಸ್' ಸೀನಾಯಿ ಬೆಟ್ಟದಲ್ಲಿ, ಕೈಯಲ್ಲಿ ಹಲಗೆ ಹಿಡಿದ ಮೋಶೆಯಲ್ಲಿ ಮುಗಿದುಹೋಗುತ್ತದೆ. ಡಿಮಿಲ್ ಕೊನೆಯಲ್ಲಿ ಬೆಟ್ಟದ ಮೇಲೆ ಹೆಸ್ಟನ್ ಕೈ ಎತ್ತಿ, ದೇಶದಲ್ಲೆಲ್ಲ ಬಿಡುಗಡೆ ಸಾರಿ ಅನ್ನುತ್ತಾನೆ. ಆ ಸಾಲು ಯಾಜಕಕಾಂಡ 25ರದ್ದು, ಐವತ್ತನೇ ವರ್ಷದ ಜುಬಿಲಿ ನಿಯಮ. ಅಮೆರಿಕದವರ ಲಿಬರ್ಟಿ ಗಂಟೆಯ ಮೇಲೆ ಕೆತ್ತಿರುವುದೂ ಅದನ್ನೇ. ಶೀತಲ ಸಮರದ ಕಾಲ ನೋಡಿ. ಮೋಶೆಯ ಬಾಯಲ್ಲಿ ಅಮೆರಿಕ ಮಾತಾಡಿತು.

ಸುಮ್ನೆಬಂದೆ:

ನಿಧಾನವಾಗಿ ಅಣ್ಣಾ, ಮೊದಲು ನಾನು ತೊದಲೋ ಹೀರೋ ಅಂತ ಬರೆದಿದ್ದಕ್ಕೆ ಸಾರಿ. ಗೊತ್ತಿಲ್ದೆ ಬರೆದೆ.

ನಿಧಾನವಾಗಿ:

ಪರವಾಗಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ: ನಾನು ದುಡ್ಡು ಕೊಡ್ತೀನಿ.

ಕಾಫಿಹೂವು:

ಒಂದು ವಾರ ಬಿಟ್ಟು ಬಂದೆ. ಬೇಸಿಗೆ ರಜೆಯ ಬೈಬಲ್ ಶಾಲೆಗೆ ಮಕ್ಕಳಿಂದ ನಾಟಕ ಮಾಡಿಸೋಣ ಅಂತ ಹೊರಟಿದ್ದೇನೆ. ಇಬ್ಬರು ಮುದುಕರು ಅರಮನೆಗೆ ಬರುತ್ತಾರೆ, ಒಬ್ಬ ಕಿವಿಯಲ್ಲಿ ಹೇಳುತ್ತಾನೆ, ಇನ್ನೊಬ್ಬ ಜೋರಾಗಿ ಹೇಳುತ್ತಾನೆ. ಅಷ್ಟೇ ಉಪಾಯ. ಆರೋನ ಆಗಲು ನಮ್ಮಲ್ಲಿ ಒಬ್ಬಳು ಮಾತಿನ ಮಲ್ಲಿ ಇದ್ದಾಳೆ. ಮೋಶೆ ನೀನೇ ಆಗ್ತೀಯಾ ಅಂತ ಆ ಹುಡುಗನನ್ನು ಕೇಳಿದೆ. ನಾನು ಮನಸ್ಸಿನಲ್ಲಿ ದೊಡ್ಡ ಕಥೆ ಕಟ್ಟಿಕೊಂಡಿದ್ದೆ.

ಅವನು ಬೇಡ ಅಂದ. ಅವನಿಗೆ ಕಪ್ಪೆ ಆಗಬೇಕಂತೆ. ಎರಡನೇ ಬಾಧೆಯ ಕಪ್ಪೆ. ಅವನು ಹೇಳಿದ್ದೇ ತಡ, ಉಳಿದ ಹತ್ತು ಮಕ್ಕಳಿಗೂ ಕಪ್ಪೆಯೇ ಬೇಕು. ಈಗ ನನ್ನ ಹತ್ತಿರ ಒಬ್ಬ ಆರೋನ, ಹನ್ನೊಂದು ಕಪ್ಪೆ. ಮೋಶೆಯೂ ಇಲ್ಲ, ಫರೋಹನೂ ಇಲ್ಲ. ಏನು ಮಾಡಲಿ?

ಚೆಂಡೆಮದ್ದಳೆ:

ಫರೋಹನ ವೇಷಕ್ಕೆ ನಾನೇ ಬರ್ತೇನೆ ಟೀಚರೇ. ಘಟ್ಟ ಹತ್ತಿದರೆ ನಿಮ್ಮೂರು. ಅರ್ಥ ಸ್ವಲ್ಪ ಉದ್ದ ಆದೀತು, ಅಷ್ಟೇ.

ಪುಟತಿರುವಿ:

ಕಪ್ಪೆ ಸಮಸ್ಯೆಗೆ ತಾಲ್ಮೂದಿನಲ್ಲಿ, ಅಂದರೆ ರಬ್ಬಿಗಳ (ಯೆಹೂದಿ ಗುರುಗಳ) ವಾದಗಳಿರುವ ಹಳೆಯ ಗ್ರಂಥದಲ್ಲಿ, ಪರಿಹಾರ ಇದೆ. ತಮಾಷೆ ಮಾಡ್ತಿಲ್ಲ. 8ನೇ ಅಧ್ಯಾಯದಲ್ಲಿ ಹೀಬ್ರೂ ಮೂಲ 'ಕಪ್ಪೆ ಏರಿ ಬಂತು' ಅಂತ ಏಕವಚನದಲ್ಲಿದೆ. ಅದಕ್ಕೆ ರಬ್ಬಿ ಅಕೀವ, ಇದ್ದದ್ದು ಒಂದೇ ಕಪ್ಪೆ, ಅದೇ ಇಡೀ ಈಜಿಪ್ಟ್ ತುಂಬಿತು ಅಂದರು. ಇನ್ನೊಬ್ಬ ರಬ್ಬಿ ಅವರನ್ನು ಗದರಿದರು. ನಿಮಗೆ ಯಾಕೆ ಈ ಕಥೆಗಳ ಉಸಾಬರಿ, ಬಂದದ್ದು ಒಂದು ಕಪ್ಪೆ, ಅದು ಕೂಗಿ ಉಳಿದವನ್ನು ಕರೆಯಿತು ಅಂದರು.

ಆ ಹುಡುಗನನ್ನೇ ಮೊದಲ ಕಪ್ಪೆ ಮಾಡಿ. ಅವನು ಕೂಗಿದ ಮೇಲೆಯೇ ಮಿಕ್ಕವರು ಬರಬೇಕು.

ಕಾಫಿಹೂವು:

ಹೇಳಿದೆ. ಈಗಷ್ಟೇ ಅವರಮ್ಮ ಫೋನ್ ಮಾಡಿದ್ದರು. ಬೆಳಗ್ಗೆಯಿಂದ ಮನೆಯಲ್ಲಿ ವಟಗುಟ್ಟುತ್ತಾ ಇದ್ದಾನಂತೆ, ನಿಲ್ಲಿಸೋಕೆ ಹೇಳಿ ಅಂತ.